ತಾರಸಿಯ ಮೇಲೆ ತರಕಾರಿ: ಐದು ಕುಂಡದಿಂದ ಶುರು ಮಾಡುವವರಿಗೆ

ಕೈತೋಟ ಮಾಡೋಣ ಅಂತ ಮನಸ್ಸಾದ ಕೂಡಲೇ ಎಲ್ಲರೂ ಮೊದಲು ಹೋಗುವುದು ನರ್ಸರಿಗೆ. ನಾನೂ ಹಾಗೇ ಹೋಗಿದ್ದೆ. ಟೊಮೆಟೊ, ಬದನೆ, ಕ್ಯಾಪ್ಸಿಕಂ, ಕರಿಬೇವು, ಒಂದು ನಿಂಬೆ, ಎರಡು ಗುಲಾಬಿ. ಒಟ್ಟು ಹದಿನಾಲ್ಕು ಸಸಿ ತಂದೆ. ಪಕ್ಕದ ಸೈಟಿನಲ್ಲಿ ಪಾಯಕ್ಕೆ ಅಗೆದು ಹಾಕಿದ್ದ ಮಣ್ಣನ್ನೇ ಕುಂಡಕ್ಕೆ ತುಂಬಿ ನೆಟ್ಟೆ. ಅದು ಮಾರ್ಚ್ ತಿಂಗಳು, ಬೆಂಗಳೂರಿನ ತಾರಸಿ. ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಉಳಿದದ್ದು ಕರಿಬೇವು ಮತ್ತು ನಿಂಬೆ ಮಾತ್ರ.

ಆಮೇಲೆ ಹಿರಿಯರೊಬ್ಬರು ನನಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಬಿಸಿಲು ನೋಡಬೇಕು. ಆಮೇಲೆ ಮಣ್ಣು ಕಲಸಬೇಕು. ಆಮೇಲೆ ಸೊಪ್ಪಿನ ಬೀಜ ಹಾಕಬೇಕು. ಸೊಪ್ಪು ಎರಡು ಸಲ ಕೊಯ್ದು ಸಾರು ಮಾಡಿದ ಮೇಲೆ ಟೊಮೆಟೊ, ಬದನೆಯ ಯೋಚನೆ. ಬಯಲುಸೀಮೆಯ ಊರುಗಳಲ್ಲಿ, ಅಂದರೆ ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಇದು ಹೆಚ್ಚುಕಮ್ಮಿ ಹೀಗೇ ನಡೆಯುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದ ಲೆಕ್ಕವನ್ನು ಬದಲಿಸಿಕೊಳ್ಳಬೇಕು.

ಮೊದಲ ವಾರ ಏನೂ ಕೊಳ್ಳಬೇಡಿ, ಬಿಸಿಲು ನೋಡಿ

ಒಂದು ರಜೆಯ ದಿನ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಎರಡು ಗಂಟೆಗೊಮ್ಮೆ ತಾರಸಿಗೋ ಬಾಲ್ಕನಿಗೋ ಹೋಗಿ. ಬಿಸಿಲು ಬಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟೊಮೆಟೊ, ಬೆಂಡೆ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ 3-4 ಗಂಟೆ ಸಾಕು. ಪುದೀನ, ದೊಡ್ಡಪತ್ರೆ, ಒಂದೆಲಗ ಅದಕ್ಕಿಂತ ಕಡಿಮೆ ಬಿಸಿಲಿನಲ್ಲೂ ಬರುತ್ತವೆ.

ಬಾಲ್ಕನಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೆ ಇರುತ್ತಾನೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಿಸಿಲು ತುಂಬಿ ತುಳುಕುವ ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ಬಿಸಿಲೇ ಬೀಳದಿರಬಹುದು. ಚಳಿಗಾಲದಲ್ಲಿ ಚೆನ್ನಾಗಿ ಬಂದ ಟೊಮೆಟೊ ಮಳೆಗಾಲದಲ್ಲಿ ಯಾಕೆ ಸೊರಗಿತು ಅಂತ ತಲೆ ಕೆಡಿಸಿಕೊಳ್ಳುವವರು ಇದನ್ನು ನೋಡಿಕೊಳ್ಳಿ. ತಾರಸಿಯಲ್ಲಿ ಈ ತೊಂದರೆ ಇಲ್ಲ, ಪಕ್ಕದಲ್ಲಿ ಎತ್ತರದ ಕಟ್ಟಡ ಇಲ್ಲದಿದ್ದರೆ.

ಕುಂಡ ಮತ್ತು ತೂಕ

20 ಲೀಟರ್ ಬಕೆಟ್‌ಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ತೂಕ 30 ಕೆಜಿ ಮೀರುತ್ತದೆ. ಹತ್ತು ಬಕೆಟ್ ಒಂದೇ ಕಡೆ ಗುಡ್ಡೆ ಹಾಕುವ ಮುನ್ನ ಇದನ್ನು ನೆನಪಿಡಿ. ಕುಂಡಗಳನ್ನು ತಾರಸಿಯ ನಟ್ಟನಡುವೆ ಇಡಬೇಡಿ. ಕೆಳಗೆ ಗೋಡೆಯೋ ತೊಲೆಯೋ ಇರುವ ಜಾಗದ ಉದ್ದಕ್ಕೆ ಸಾಲಾಗಿ ಇಡಿ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡಿ. ಆಗ ನೀರು ನಿಲ್ಲುವುದಿಲ್ಲ, ತಾರಸಿಗೆ ಪಾಚಿ ಹಿಡಿಯುವುದಿಲ್ಲ, ಗುಡಿಸಲೂ ಸುಲಭ. ಮಳೆನೀರು ಹೋಗುವ ಕೊಳವೆಯ ಬಾಯಿ ಮಾತ್ರ ಎಂದೂ ಮುಚ್ಚಬಾರದು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ದುಬಾರಿ ಕುಂಡ ಬೇಕಿಲ್ಲ. ಪೇಂಟ್ ಡಬ್ಬ, ಒಡೆದ ಬಕೆಟ್, ಹಣ್ಣಿನ ಕ್ರೇಟಿಗೆ ಗೋಣಿಚೀಲ ಹಾಸಿದ್ದು, ಗ್ರೋ ಬ್ಯಾಗ್, ಎಲ್ಲವೂ ಆಗುತ್ತದೆ. ಪೇಂಟ್ ಡಬ್ಬವನ್ನು ಚೆನ್ನಾಗಿ ಕೆರೆದು ತೊಳೆಯಿರಿ. ತಳದಲ್ಲಿ ಪೆನ್ಸಿಲ್ ದಪ್ಪದ 5-6 ತೂತು ಇರಲೇಬೇಕು. ಸೊಪ್ಪಿಗೆ 6 ಇಂಚು ಆಳ ಸಾಕು, ಅಗಲ ಜಾಸ್ತಿ ಇರಲಿ. ಟೊಮೆಟೊ, ಬದನೆ, ಮೆಣಸಿನಕಾಯಿಗೆ 15-20 ಲೀಟರ್ ಹಿಡಿಯುವ ಕುಂಡ, ಒಂದಕ್ಕೆ ಒಂದೇ ಗಿಡ. ಹೀರೆ, ಸೋರೆಯ ಬಳ್ಳಿಗೆ 40 ಲೀಟರ್‌ಗಿಂತ ಕಡಿಮೆ ಆಗದು.

ಮಣ್ಣು: ಇಲ್ಲಿ ಅವಸರ ಮಾಡಬೇಡಿ

ನನ್ನ ಮೊದಲ ಹದಿನಾಲ್ಕು ಸಸಿಗಳಲ್ಲಿ ಹೆಚ್ಚಿನವು ಸತ್ತದ್ದು ಮಣ್ಣಿನಿಂದ. ಪಾಯದ ಮಣ್ಣಿನಲ್ಲಿ ಸಿಮೆಂಟು, ಸುಣ್ಣ ಬೆರೆತಿರುತ್ತದೆ. ಆಳದ ಮಣ್ಣಾದ್ದರಿಂದ ಸತ್ವ ಕಡಿಮೆ. ನೀರು ಬಿದ್ದರೆ ಕೆಸರು, ಒಣಗಿದರೆ ಕಲ್ಲು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕುಂಡದ ಬೇರಿಗೆ ಹೋಗಲು ಬೇರೆ ಜಾಗವಿಲ್ಲ. ನೀವು ಕೊಟ್ಟ ಮಣ್ಣಿನಲ್ಲೇ ಅದರ ಬದುಕು.

ನಾನು ಈಗ ಕಲಸುವ ಲೆಕ್ಕ ಸರಳ. ಒಂದು ಬಾಂಡ್ಲಿ ಕೆಂಪು ಮಣ್ಣು, ಒಂದು ಬಾಂಡ್ಲಿ ಕೋಕೋಪೀಟ್, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಗೊಬ್ಬರ. ಇಷ್ಟಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಮಣ್ಣು ಜರಡಿ ಹಿಡಿದದ್ದಾಗಿರಲಿ.

ಕೋಕೋಪೀಟ್ ಅಂದರೆ ತೆಂಗಿನ ನಾರು ತೆಗೆದಾಗ ಉಳಿಯುವ ಪುಡಿ. 5 ಕೆಜಿಯ ಇಟ್ಟಿಗೆ ತಂದು ದೊಡ್ಡ ಟಬ್‌ನಲ್ಲಿ ನೆನೆಹಾಕಿದರೆ ಉಬ್ಬಿ ಮೂರು ಬಕೆಟ್ ಮೀರಿ ಆಗುತ್ತದೆ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ ತೆಗೆದು ಬಳಸಿ. ಈ ಕೆಲಸ ತಪ್ಪಿಸಿದರೆ ಎಳೆ ಸಸಿಯ ಎಲೆ ಅಂಚಿನಿಂದ ಸುಟ್ಟಂತೆ ಒಣಗುತ್ತದೆ. ಇದರಲ್ಲಿ ಗಿಡಕ್ಕೆ ಆಹಾರ ಅಷ್ಟಾಗಿ ಇಲ್ಲ. ನೀರು ಹಿಡಿದಿಡುವುದು, ತೂಕ ಇಳಿಸುವುದು, ಅಷ್ಟೇ ಇದರ ಕೆಲಸ.

ಗೊಬ್ಬರ ಎರೆಹುಳುವಿನದ್ದಾಗಲಿ, ಕೊಟ್ಟಿಗೆಯದ್ದಾಗಲಿ, ಕೈಯಲ್ಲಿ ಹಿಡಿದು ಮೂಸಿ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಳಿತಿದೆ. ಸಗಣಿ ವಾಸನೆಯೋ ಮೂಗಿಗೆ ಹೊಡೆಯುವ ಘಾಟೋ ಬಂದರೆ ಇನ್ನೂ ಹಸಿ. ಹಸಿ ಗೊಬ್ಬರದ ಕಾವಿಗೆ ಬೇರು ಬೆಂದುಹೋಗುತ್ತದೆ.

ಕಲಸಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಒಂದು ಹಿಡಿ ಮಿಶ್ರಣ ಅದುಮಿ. ಉಂಡೆ ಕಟ್ಟಬೇಕು. ಬೆರಳಲ್ಲಿ ತಟ್ಟಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಮಣ್ಣು ಸೇರಿಸಿ. ಒಡೆಯದೇ ಇದ್ದರೆ ಕೋಕೋಪೀಟೋ ಗೊಬ್ಬರವೋ ಸೇರಿಸಿ. ಕುಂಡದ ಬಾಯಿಂದ ಎರಡು ಇಂಚು ಕೆಳಗಿನವರೆಗೆ ತುಂಬಿ, ನೀರು ಹಾಕಿ, ಒಂದು ವಾರ ಹಾಗೇ ಬಿಡಿ. ಮಣ್ಣು ಕೂರುತ್ತದೆ. ಕಳೆ ಬೀಜ ಇದ್ದರೆ ಮೊಳಕೆ ಬರುತ್ತದೆ, ಕಿತ್ತುಹಾಕಬಹುದು.

ಮೊದಲ ಐದು ಕುಂಡ

ಮೆಂತ್ಯ, ಹರಿವೆ, ಕೊತ್ತಂಬರಿ, ಪುದೀನ, ಬಸಳೆ. ಈ ಐದರಿಂದಲೇ ಶುರು ಮಾಡಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಬೀಜಕ್ಕೆ ಹೆಚ್ಚು ಖರ್ಚಿಲ್ಲ. ತಿಂಗಳೊಳಗೆ ಅಡುಗೆಮನೆಗೆ ಏನಾದರೂ ಬರುತ್ತದೆ. ತಪ್ಪಾದರೆ ಇನ್ನೊಮ್ಮೆ ಬಿತ್ತಬಹುದು. ಟೊಮೆಟೊದಲ್ಲಿ ತಪ್ಪು ಗೊತ್ತಾಗುವಷ್ಟರಲ್ಲಿ ಮೂರು ತಿಂಗಳು ಹೋಗಿರುತ್ತದೆ.

ಮೆಂತ್ಯಕ್ಕೆ ಒಗ್ಗರಣೆ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಒತ್ತೊತ್ತಾಗಿ ಚೆಲ್ಲಿ, ಮೇಲೆ ಅರ್ಧ ಇಂಚು ಮಣ್ಣು ಉದುರಿಸಿ. ಮೂರನೇ ದಿನಕ್ಕೆ ಮೊಳಕೆ ಕಾಣುತ್ತದೆ. 25-30 ದಿನಕ್ಕೆ ಬೇರುಸಹಿತ ಕೀಳಬಹುದು.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಇದಕ್ಕೆ ಇರುವೆಗಳ ಕಾಟ ಜಾಸ್ತಿ. ಕುಂಡದ ಅಂಚಿಗೆ ಒಂದು ಚಿಟಿಕೆ ರವೆ ಉದುರಿಸಿ. ಇರುವೆ ರವೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿಯನ್ನು ಒಮ್ಮೆ ಬಿತ್ತಿ ಹಲವು ಸಲ ಕೊಯ್ಯಬಹುದು. ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತದೆ.

ಕೊತ್ತಂಬರಿ ತಾಳ್ಮೆ ಕೇಳುತ್ತದೆ. ಧನಿಯಾ ಕಾಳನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿ. ಪ್ರತಿ ಹೋಳಿನಲ್ಲೂ ಒಂದು ಬೀಜ ಇರುತ್ತದೆ. ಮೊಳಕೆಗೆ 8ರಿಂದ 12 ದಿನ ಬೇಕು. ಆರನೇ ದಿನಕ್ಕೆ ಬೇಸತ್ತು ಕೆದಕಬೇಡಿ. ಬೇಸಿಗೆಯ ಬಿಸಿಲಿನಲ್ಲಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಏಪ್ರಿಲ್, ಮೇನಲ್ಲಿ ಹಾಕುವುದಾದರೆ ನೆರಳಿರಲಿ.

ಪುದೀನಕ್ಕೆ ಬೀಜ ಹುಡುಕಬೇಡಿ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ನಾಲ್ಕು ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ಬಿಡಿಸಿ, ಲೋಟದ ನೀರಿನಲ್ಲಿಡಿ. ವಾರ, ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಆಮೇಲೆ ನೆಡಿ. ಇದಕ್ಕೆ ಬೇರೆಯದೇ ಕುಂಡ ಕೊಡಿ. ಜೊತೆಗಿರುವ ಗಿಡಕ್ಕೆ ಜಾಗ ಬಿಡದೆ ಹಬ್ಬುತ್ತದೆ. ಬಸಳೆಯ ಕಡ್ಡಿಯೂ ಅಷ್ಟೇ ಸುಲಭ. ನಾಲ್ಕು ಗೆಣ್ಣಿರುವ ತುಂಡು ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ, ಹಬ್ಬಲು ಒಂದು ಹುರಿ ಕಟ್ಟಿ.

ಮೆಂತ್ಯ, ಕೊತ್ತಂಬರಿಯನ್ನು ಒಂದೇ ಸಲ ಇಡೀ ಕುಂಡಕ್ಕೆ ಬಿತ್ತಬೇಡಿ. ಅರ್ಧ ಈಗ, ಇನ್ನರ್ಧ ಹದಿನೈದು ದಿನ ಬಿಟ್ಟು. ಹಾಗೆ ಮಾಡಿದರೆ ಒಂದು ಮುಗಿಯುವಾಗ ಇನ್ನೊಂದು ಸಿದ್ಧವಾಗುತ್ತಿರುತ್ತದೆ.

ನೀರು

ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು ಎಂದು ನನಗೆ ಅನಿಸುತ್ತದೆ. ಪ್ರೀತಿಯಿಂದಲೇ ಹಾಕುತ್ತೇವೆ, ಅಲ್ವಾ? ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ತಳದಲ್ಲಿ ಬೇರು ಕೊಳೆಯುತ್ತಿರುವುದು ಮೇಲೆ ಕಾಣುವುದಿಲ್ಲ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತೇವೆ.

ನೀರು ಹಾಕುವ ಮುನ್ನ ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಊರಿ. ತಂಪಾಗಿದ್ದು ಬೆರಳಿಗೆ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಇಣುಕುವವರೆಗೆ ನಿಧಾನವಾಗಿ ಹಾಕಿ. ಈಗಷ್ಟೇ ಬಿತ್ತಿದ ಕುಂಡಕ್ಕೆ ಈ ಲೆಕ್ಕ ಇಲ್ಲ, ಮೊಳಕೆ ಬರುವವರೆಗೆ ಮೇಲ್ಮಣ್ಣು ಒಣಗದಂತೆ ದಿನವೂ ಚಿಮುಕಿಸಬೇಕು. ಬೆಳಗಿನ ಹೊತ್ತು ಒಳ್ಳೆಯದು. ಎಲೆ ಮೇಲೆ ಸುರಿಯಬೇಡಿ, ಬುಡಕ್ಕೆ ಹಾಕಿ. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಆಯಾಸ. ಬೆಳಿಗ್ಗೆಯೂ ಬಾಡಿದ್ದರೆ ಬೆರಳು ಊರಿ ನೋಡಿ. ಮಣ್ಣು ಒಣಗಿದ್ದರೆ ನೀರು ಬೇಕು. ಒದ್ದೆಯಿದ್ದೂ ಬಾಡಿದ್ದರೆ ಬೇರಿಗೆ ಪೆಟ್ಟಾಗಿದೆ.

ಬೇಸಿಗೆಯಲ್ಲಿ ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ. ಇದರಿಂದ ನೀರು ಬೇಗ ಆರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಹಿಡಿದರೆ ಹತ್ತು ಹನ್ನೆರಡು ಕುಂಡಕ್ಕೆ ಬಹುತೇಕ ಸಾಕಾಗುತ್ತದೆ. ಉಪ್ಪು, ಸೋಪು ಇರುವ ನೀರು ಬೇಡ. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಹೋಗುವ ನೀರಿನಲ್ಲಿ ಲವಣ ಜಾಸ್ತಿ ಇರುವುದರಿಂದ ಅದನ್ನೇ ದಿನವೂ ಹಾಕಬೇಡಿ.

ಎರಡನೇ ಸುತ್ತು: ಕಾಯಿ ಬಿಡುವ ಗಿಡಗಳು

ಟೊಮೆಟೊ, ಬದನೆ, ಮೆಣಸಿನಕಾಯಿಗೆ ಮೊದಲು ಸಸಿ ಮಾಡಿಕೊಳ್ಳಬೇಕು. ತೂತು ಮಾಡಿದ ಮೊಸರಿನ ಕಪ್‌ಗೆ ಕೋಕೋಪೀಟ್ ಮತ್ತು ಎರೆಗೊಬ್ಬರ ಸಮ ಸಮ ತುಂಬಿ, ಕಪ್‌ಗೆ ಎರಡು ಬೀಜದಂತೆ ಊರಿ. ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳ ಸಾಕು. ಟೊಮೆಟೊ ವಾರದೊಳಗೆ ಮೊಳೆಯುತ್ತದೆ, ಮೆಣಸಿನಕಾಯಿಗೆ ಎರಡು ವಾರವೂ ಆಗಬಹುದು. 25-30 ದಿನಕ್ಕೆ ನಾಲ್ಕಾರು ಎಲೆ ಬಂದಾಗ ಸಂಜೆ ಹೊತ್ತು ದೊಡ್ಡ ಕುಂಡಕ್ಕೆ ನೆಡಿ. ಎರಡು ಮೂರು ದಿನ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಬೆಂಡೆ, ಬೀನ್ಸ್, ಹೀರೆ ಬೀಜವನ್ನು ನೇರವಾಗಿ ಕುಂಡಕ್ಕೇ ಹಾಕುವುದು ಒಳ್ಳೆಯದು. ಕಿತ್ತು ನೆಟ್ಟರೆ ಅವುಗಳ ಬೇರು ನೊಂದುಕೊಳ್ಳುತ್ತದೆ.

ಟೊಮೆಟೊ ಸಸಿಯನ್ನು ಕೆಳಗಿನ ಎಲೆ ತೆಗೆದು ಅರ್ಧ ಕಾಂಡ ಮಣ್ಣೊಳಗೆ ಹೋಗುವಂತೆ ನೆಡಬಹುದು. ಕಾಂಡದಿಂದಲೂ ಬೇರು ಬರುತ್ತದೆ. ನೆಡುವಾಗಲೇ ನಾಲ್ಕು ಅಡಿಯ ಆಸರೆ ಕೋಲು ಊರಿ, ಮೆತ್ತನೆಯ ಬಟ್ಟೆ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿ. ಹೂ ಬಂದಾಗ ಬೆಳಗಿನ ಹೊತ್ತು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಪರಾಗ ಉದುರಿ ಕಾಯಿ ಕಚ್ಚಲು ಅನುಕೂಲ. ಬಿಸಿಲು 35 ಡಿಗ್ರಿ ದಾಟಿದ ದಿನಗಳಲ್ಲಿ ಹೂ ಉದುರುವುದು ಸಹಜ, ಅದಕ್ಕೆ ಔಷಧಿ ಹುಡುಕಬೇಡಿ. ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿದರೆ ಅದು ಹುಳುವಿನ ಕೆಲಸ ಅಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ನೀರು ಸುರಿದಾಗ ಗಿಡಕ್ಕೆ ಸುಣ್ಣದಂಶ ಸರಿಯಾಗಿ ಸಿಗದೆ ಹೀಗಾಗುತ್ತದೆ. ನೀರನ್ನು ಒಂದೇ ಹದದಲ್ಲಿ ಕೊಡಿ.

ತಳಿಯ ಬಗ್ಗೆ ಒಂದು ಮಾತು. ಹೆಸರಘಟ್ಟದ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಸುರುಳಿ ನಂಜು, ದುಂಡಾಣು ಸೊರಗು, ಅಂಗಮಾರಿ, ಈ ಮೂರೂ ರೋಗಗಳನ್ನು ತಡೆದುಕೊಳ್ಳುವ ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ್ದು. ‘ಅರ್ಕಾ ವಿಕಾಸ್’ ಹೈಬ್ರಿಡ್ ಅಲ್ಲ, ಹಾಗಾಗಿ ಅದರ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಬೆಂಡೆಯಲ್ಲಿ ‘ಅರ್ಕಾ ಅನಾಮಿಕ’, ಚಪ್ಪರ ಬೇಡದ ಗಿಡ ಬೀನ್ಸ್‌ನಲ್ಲಿ ‘ಅರ್ಕಾ ಕೋಮಲ್’ ಕುಂಡಕ್ಕೆ ಹೊಂದುತ್ತವೆ.

ಮೊದಲ ವರ್ಷ ಬಳ್ಳಿ ಒಂದೇ ಸಾಕು, ಹೀರೆ ಇರಲಿ. ಇದರಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಹಿಂದೆ ಸಣ್ಣ ಹೀಚು ಇರುತ್ತದೆ. ಮೊದಲು ಬರೀ ಗಂಡು ಹೂ ಬಂದು ಉದುರುತ್ತವೆ, ಗಾಬರಿ ಬೇಡ. ಹೀಚು ಹಳದಿಯಾಗಿ ಉದುರುತ್ತಿದ್ದರೆ ಜೇನು ಬಂದಿಲ್ಲ ಎಂದರ್ಥ. ಹೀರೆ ಹೂ ಅರಳುವುದು ಸಂಜೆಗೆ. ಆಗ ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ.

ಗೊಬ್ಬರ ಮತ್ತು ಹುಳ

ಪ್ರತಿ ಹದಿನೈದು ದಿನಕ್ಕೆ ಬುಡದ ಮಣ್ಣನ್ನು ಸ್ವಲ್ಪ ಕೆದಕಿ ಒಂದು ಹಿಡಿ ಎರೆಗೊಬ್ಬರ ಹಾಕಿ. ಸೊಪ್ಪಿಗೆ ಇಷ್ಟೇ ಸಾಕು. ಕಾಯಿ ಗಿಡಗಳಿಗೆ ಇದರ ಜೊತೆ ಜೀವಾಮೃತ ಕೊಡಬಹುದು. 10 ಲೀಟರ್ ನೀರಿಗೆ ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಿ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ, ವಾರದೊಳಗೆ ಮುಗಿಸಿ. ಸಗಣಿ ಸಿಗದ ಕಡೆ ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಅದನ್ನೂ ಹತ್ತರಷ್ಟು ನೀರಿನಲ್ಲಿ ತೆಳುವಾಗಿಸಿ ಹಾಕಿ. ವಾಸನೆ ಬರುತ್ತದೆ, ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹೊತ್ತು ನೋಡಿಕೊಂಡು ಮಾಡಿ.

ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುವುದಾದರೆ ಒಂದು ಪಾಲು ಹಸಿ ಸಿಪ್ಪೆಗೆ ಎರಡು ಪಾಲು ಒಣ ಎಲೆ ಹಾಕಿ. ವಾಸನೆ ಬಂದರೆ, ನೊಣ ಕೂತರೆ, ಒಣ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಎರಡು ಮೂರು ದಿನಕ್ಕೊಮ್ಮೆ ಕೈಯಾಡಿಸಿದರೆ ಎರಡು ತಿಂಗಳಲ್ಲಿ ಕಪ್ಪು ಪುಡಿ ಸಿಗುತ್ತದೆ.

ಹುಳುಗಳಿಗೆ ದೊಡ್ಡ ಔಷಧಿ ದಿನಕ್ಕೆ ಐದು ನಿಮಿಷ ಎಲೆ ತಿರುಗಿಸಿ ನೋಡುವುದು. ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆ ಎಲ್ಲವೂ ಎಲೆಯ ಅಡಿಯಲ್ಲೇ ಶುರುವಾಗುತ್ತವೆ. ಹತ್ತು ಇದ್ದಾಗ ಬೆರಳಿನಿಂದ ಒರೆಸಿಬಿಡಬಹುದು. ಜಾಸ್ತಿಯಾದರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಸೇರಿಸಿ ಚೆನ್ನಾಗಿ ಅಲ್ಲಾಡಿಸಿ, ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆ ಮೂರು ಸಲ ಮಾಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳು ಕಂಡರೆ ಸಿಂಪಡಿಸುವುದನ್ನು ನಿಲ್ಲಿಸಿ. ಅದೂ ಅದರ ಮರಿಗಳೂ ಗಿಡಹೇನು ತಿಂದು ಬದುಕುತ್ತವೆ. ಟೊಮೆಟೊ ಎಲೆ ಮುದುಡಿ ಗಿಡ ಕುಳ್ಳಾಗಿ ನಿಂತರೆ, ಬೆಂಡೆ ಎಲೆಯ ನರಗಳು ಹಳದಿಯಾದರೆ ಅದು ಬಿಳಿನೊಣ ತಂದ ನಂಜುರೋಗ. ವಾಸಿಯಾಗುವುದಿಲ್ಲ. ಬೇಜಾರಾದರೂ ಅದೇ ದಿನ ಕಿತ್ತುಹಾಕಿ, ಪಕ್ಕದ ಗಿಡ ಉಳಿಯುತ್ತದೆ.

ಯಾವಾಗ ಏನು

ಹೊಸದಾಗಿ ಶುರು ಮಾಡುವವರಿಗೆ ಜೂನ್ ಒಳ್ಳೆಯದು, ಅಕ್ಟೋಬರ್ ಕೊನೆ ಇನ್ನೂ ಒಳ್ಳೆಯದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವ ಗಾದೆ ಹೊಲದವರಿಗೆ ಸರಿ. ಏಪ್ರಿಲ್ ಕೊನೆಗೆ ಬರುವ ಆ ಮಳೆ ನಂಬಿ ತಾರಸಿಯಲ್ಲಿ ಬಿತ್ತಿದರೆ ಮೇ ಬಿಸಿಲಿಗೆ ಸಸಿ ಬಾಡುತ್ತದೆ. ಕಾಂಕ್ರೀಟಿನ ಕಾವು ಹೊಲದ ಮಣ್ಣಿಗಿಂತ ಜಾಸ್ತಿ.

ಜೂನ್, ಜುಲೈನಲ್ಲಿ ಬೆಂಡೆ, ಹೀರೆ, ಬದನೆ, ಮೆಣಸಿನಕಾಯಿ, ಬಸಳೆ. ಬೆಂಗಳೂರಿನಲ್ಲಿ ಮಳೆ ಜೋರಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಹೊಸದಾಗಿ ಸೊಪ್ಪು ಬಿತ್ತಿದರೆ ಬೀಜ ಕೊಚ್ಚಿಹೋಗುತ್ತದೆ, ಸಸಿ ಬುಡ ಕೊಳೆಯುತ್ತದೆ. ಮಳೆ ಇಳಿದ ಮೇಲೆ ಟೊಮೆಟೊ, ಬೀನ್ಸ್, ಮೂಲಂಗಿ, ಕ್ಯಾರೆಟ್, ಪಾಲಕ್, ಸಬ್ಬಸಿಗೆ, ಕೊತ್ತಂಬರಿ. ಮಾರ್ಚ್‌ನಿಂದ ಮೇವರೆಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಹಸಿರು ನೆರಳು ಬಲೆ ಕಟ್ಟಿ, ಇರುವ ಗಿಡ ಉಳಿಸಿಕೊಂಡರೆ ಸಾಕು. ಖಾಲಿಯಾದ ಕುಂಡದ ಮಣ್ಣನ್ನು ಆಗ ತಾರಸಿಯ ಮೇಲೆ ಹರಡಿ ಒಂದು ವಾರ ಬಿಸಿಲಿಗೆ ಒಣಗಿಸಿ, ಮೂರನೇ ಒಂದು ಪಾಲು ಹೊಸ ಗೊಬ್ಬರ ಸೇರಿಸಿ ಮತ್ತೆ ತುಂಬಿ. ಮಣ್ಣು ಎಸೆಯುವ ವಸ್ತುವಲ್ಲ.

ನನಗೆ ಅತಿ ಪ್ರೀತಿಯ ಬೆಳೆ ಅವರೆ. ಹಳೆಯ ನಾಟಿ ಅವರೆಯನ್ನು ಜುಲೈ, ಆಗಸ್ಟ್‌ನಲ್ಲಿ ಹಾಕಬೇಕು. ಹಗಲು ಚಿಕ್ಕದಾದ ಮೇಲೆಯೇ ಅದು ಹೂ ಬಿಡುವುದು. ಆದ್ದರಿಂದಲೇ ಸೊಗಡಿನ ಅವರೆಕಾಯಿ ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಲ್ಲಿ ಎಚ್‌ಎ-4ರಂಥವಕ್ಕೆ ಈ ಹಂಗಿಲ್ಲ, ಯಾವ ಕಾಲದಲ್ಲೂ ಹೂ ಬಿಡುತ್ತವೆ, ಗಿಡವೂ ಗಿಡ್ಡ. ಕುಂಡಕ್ಕೆ ಅದೇ ಸರಿ.

ಜನವರಿಯಲ್ಲಿ ನಾಟಿ ಅವರೆ ಕೊಯ್ಯುವಾಗ ತುಂಬಿದ ನಾಲ್ಕು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಡಿ. ಬೀಜ ಬಿಡಿಸಿ, ನೆರಳಲ್ಲಿ ಇನ್ನೊಂದು ವಾರ ಒಣಗಿಸಿ, ಒಲೆಯ ಬೂದಿ ಸವರಿ ಗಾಜಿನ ಬಾಟಲಿಗೆ ಹಾಕಿಡಿ. ಬಾಟಲಿ ಮೇಲೆ ತಿಂಗಳು, ವರ್ಷ ಬರೆಯಿರಿ. ಜುಲೈನಲ್ಲಿ ತೆಗೆದಾಗ ಪಕ್ಕದ ಮನೆಯವರಿಗೂ ನಾಲ್ಕು ಕಾಳು ಕೊಡಿ.